ಎರಡು ಬೀಗದ ಪೆಟ್ಟಿಗೆ

ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕ ಇಡುವುದು ಹೇಗೆ ಎಂದು ಹೇಳಿಕೊಡುತ್ತಿದ್ದ ದಿನ ನಮ್ಮ ಲೆಕ್ಕಶಾಸ್ತ್ರದ ಸರ್ ಒಂದು ಪ್ರಶ್ನೆ ಕೇಳಿದರು. "ದಾನ ಮಾಡುವವರಿಗೆ ದೊಡ್ಡ ಮನಸ್ಸಿದ್ದರೆ ಸಾಕಲ್ಲವೇ? ರಸೀದಿ, ಲೆಡ್ಜರು, ಆಡಿಟ್ ಎಲ್ಲ ಯಾಕೆ ಬೇಕು?" ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಹಿಂದಿನ ಬೆಂಚಿನಿಂದ "ಕದಿಯಬಾರದು ಅಂತ ಸರ್" ಎಂದು ಒಂದು ದನಿ ಬಂತು. "ಅಷ್ಟೇನಾ?" ಎಂದ ಸರ್, ಬಡವರ ಸೇವೆಗೆ ಸಂಸ್ಥೆ ಕಟ್ಟಿದವರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ತಂದು ಎಲ್ಲರಿಂದಲೂ ಎತ್ತಿಸಿದರು. ನನಗೆ ಬಂದದ್ದು ಸಂತ ವಿನ್ಸೆಂಟ್ ಡಿ ಪೌಲ್. ನಾನು ಈ ಹೆಸರನ್ನೇ ಕೇಳಿರಲಿಲ್ಲ. ಮನೆಯಲ್ಲಿ ಹೇಳಿದಾಗ ಅಮ್ಮಿ, ಚೀಟಿ ಬದಲಾಯಿಸಿಕೊಂಡು ಮದರ್ ತೆರೇಸಾ ಅವರನ್ನು ತೆಗೆದುಕೊಳ್ಳಬಾರದಿತ್ತೇ, ಬರೆಯುವುದು ಸುಲಭವಾಗುತ್ತಿತ್ತು ಎಂದರು. ಬದಲಾಯಿಸಿಕೊಳ್ಳದೆ ಇದ್ದದ್ದೇ ಒಳ್ಳೆಯದಾಯಿತು. ನಮ್ಮ ತರಗತಿಯ ಸಹಾಯದ ಡಬ್ಬಿ ಹೋದ ವರ್ಷ ನನ್ನ ಬಳಿ ಇತ್ತು, ಅದರಲ್ಲಿ ನನ್ನಿಂದ ಒಂದು ತಪ್ಪಾಗಿತ್ತು. ಆ ತಪ್ಪು ಯಾವುದು ಎಂದು ನನಗೆ ಅರ್ಥವಾದದ್ದು ಈ ಫ್ರಾನ್ಸ್ ದೇಶದ ಪಾದ್ರಿಯ ಜೀವನ ಓದಿದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ವಿನ್ಸೆಂಟ್ ಹುಟ್ಟಿದ್ದು 1581ರಲ್ಲಿ, ನೈಋತ್ಯ ಫ್ರಾನ್ಸಿನ ಡ್ಯಾಕ್ಸ್ ಪಟ್ಟಣದ ಹತ್ತಿರದ ಪೂಯಿ ಎಂಬ ಹಳ್ಳಿಯಲ್ಲಿ. ರೈತರ ಮನೆ, ಆರು ಮಕ್ಕಳು. ಚಿಕ್ಕಂದಿನಲ್ಲಿ ಕುರಿ, ಹಂದಿ ಮೇಯಿಸುತ್ತಿದ್ದರು. ಹುಡುಗ ಓದಿನಲ್ಲಿ ಚುರುಕಾಗಿದ್ದುದರಿಂದ ತಂದೆ ಪಟ್ಟಣದ ಶಾಲೆಗೆ ಸೇರಿಸಿದರು. ಓದಿನ ಖರ್ಚಿಗೆ ಒಂದು ಜೊತೆ ಎತ್ತುಗಳನ್ನು ಮಾರಿದರು ಎಂದು ಅವರ ಜೀವನ ಚರಿತ್ರೆಗಳಲ್ಲಿ ಬರುತ್ತದೆ. ಎತ್ತು ಮಾರುವುದು ಎಂದರೆ ರೈತನಿಗೆ ಏನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಬಡವರ ಮನೆಯ ಹುಡುಗ ಮೇಲೆ ಬರಲು ಇದ್ದ ಒಂದು ದಾರಿ ಪಾದ್ರಿಯಾಗುವುದು. ವಿನ್ಸೆಂಟ್ 1600ರಲ್ಲಿ, ಕೇವಲ 19ನೇ ವಯಸ್ಸಿಗೆ ಪಾದ್ರಿಯಾದರು. ಚರ್ಚಿನ ನಿಯಮದ ಪ್ರಕಾರ 24 ಆಗಿರಬೇಕಿತ್ತು. ಅವರ ಮನಸ್ಸಿನಲ್ಲಿ ಆಗ ಬಡವರ ಸೇವೆ ಇರಲಿಲ್ಲ. ಒಳ್ಳೆಯ ವರಮಾನದ ಹುದ್ದೆ ಹಿಡಿಯಬೇಕು, ಮನೆಯವರಿಗೆ ಹಣ ಕಳಿಸಬೇಕು, ಬೇಗ ನೆಮ್ಮದಿಯಾಗಿ ಕೂರಬೇಕು ಎಂಬ ಆಸೆ ಇತ್ತು. 1610ರಲ್ಲಿ ತಾಯಿಗೆ ಬರೆದ ಕಾಗದದಲ್ಲೂ ಇದೇ ಆಸೆ ಇದೆ. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. ಸಂತರೆಂದರೆ ಹುಟ್ಟುವಾಗಲೇ ಸಂತರು ಎಂದು ನಾನು ತಿಳಿದಿದ್ದೆ. ಇವರ ಇಪ್ಪತ್ತೊಂಬತ್ತನೇ ವಯಸ್ಸಿನ ಆಸೆಗೂ ನಮ್ಮ ತರಗತಿಯ ಅರ್ಧ ಜನರ ಆಸೆಗೂ ಏನೂ ವ್ಯತ್ಯಾಸವಿಲ್ಲ.

ಇನ್ನೊಂದು ವಿಷಯವನ್ನು ಅವರೇ ಮುಪ್ಪಿನಲ್ಲಿ ತಮ್ಮ ಜೊತೆಯವರ ಮುಂದೆ ಒಪ್ಪಿಕೊಂಡರು. ಪಟ್ಟಣದಲ್ಲಿ ಓದುತ್ತಿದ್ದಾಗ ಒಂದು ದಿನ ಅವರ ತಂದೆ ಶಾಲೆಗೆ ನೋಡಲು ಬಂದರಂತೆ. ತಂದೆ ಕುಂಟುತ್ತಿದ್ದರು, ಬಟ್ಟೆ ಹರಕಲಾಗಿತ್ತು. ಹುಡುಗನಿಗೆ ನಾಚಿಕೆಯಾಗಿ, ಹೋಗಿ ಮಾತನಾಡಲೇ ಇಲ್ಲ. ಎತ್ತು ಮಾರಿದ ತಂದೆ. ನಾನು ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಅಬ್ಬಾ ಗ್ಯಾರೇಜಿನ ಬಟ್ಟೆಯಲ್ಲೇ ನನ್ನನ್ನು ಕರೆದುಕೊಂಡು ಹೋಗಲು ಕಾಲೇಜು ಗೇಟಿಗೆ ಬರುತ್ತಾರೆ.

ಅವರ ಯೌವನದ ಬಗ್ಗೆ ಒಂದು ಕಥೆ ನಮಗೆ ಕುತೂಹಲ ಹುಟ್ಟಿಸುವಂಥದ್ದು. 1607ರಲ್ಲಿ ಬರೆದ ಕಾಗದದಲ್ಲಿ, ಸಮುದ್ರಯಾನದಲ್ಲಿ ತಮ್ಮನ್ನು ಕಡಲುಗಳ್ಳರು ಹಿಡಿದು ಉತ್ತರ ಆಫ್ರಿಕಾದ ಟ್ಯುನಿಸ್ ನಗರದಲ್ಲಿ ಗುಲಾಮನಾಗಿ ಮಾರಿದರು, ಎರಡು ವರ್ಷದ ಮೇಲೆ ತಪ್ಪಿಸಿಕೊಂಡು ಬಂದೆ ಎಂದು ಅವರು ಹೇಳಿದ್ದಾರೆ. ಇದು ನಿಜವೋ, ಸಾಲಗಾರರಿಂದ ಮರೆಯಾಗಿದ್ದ ಯುವಕ ಹೆಣೆದ ಕಥೆಯೋ ಎಂದು ಇತಿಹಾಸಕಾರರು ಇಂದಿಗೂ ವಾದ ಮಾಡುತ್ತಾರೆ. ವಯಸ್ಸಾದ ಮೇಲೆ ಆ ಕಾಗದ ಯಾರದೋ ಬಳಿ ಸಿಕ್ಕಿದೆ ಎಂದು ತಿಳಿದಾಗ ಅದನ್ನು ನಾಶ ಮಾಡಿಸಲು ಅವರು ಬಹಳ ಒದ್ದಾಡಿದರು. ಆದರೆ ಕಾಗದ ಉಳಿಯಿತು, ವಾದವೂ ಉಳಿಯಿತು.

ಅವರ ಜೀವನ ತಿರುಗಿದ್ದು 1617ರಲ್ಲಿ. ಆಗ ಅವರು ಶಾತಿಯೋಂ ಎಂಬ ಸಣ್ಣ ಊರಿನ ಚರ್ಚಿಗೆ ಪಾದ್ರಿಯಾಗಿ ಹೋಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ, ಪೂಜೆಗೆ ಸಿದ್ಧರಾಗುತ್ತಿದ್ದಾಗ ಯಾರೋ ಬಂದು, ಊರಾಚೆಯ ಒಂಟಿ ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ ಎಂದು ಹೇಳಿದರು. ವಿನ್ಸೆಂಟ್ ಅಂದಿನ ಪ್ರವಚನದಲ್ಲಿ ಆ ಮನೆಯ ಬಗ್ಗೆ ಮಾತನಾಡಿದರು. ಮಧ್ಯಾಹ್ನದ ಮೇಲೆ ತಾವೂ ಹೊರಟರೆ ದಾರಿಯ ತುಂಬ ಹೆಂಗಸರು! ಕೆಲವರು ಬುಟ್ಟಿ ಹಿಡಿದು ಹೋಗುತ್ತಿದ್ದರು, ಕೆಲವರು ಕೊಟ್ಟು ಮರಳುತ್ತಿದ್ದರು, ಕೆಲವರು ಬಿಸಿಲಿಗೆ ದಣಿದು ದಾರಿ ಬದಿಯಲ್ಲಿ ಕೂತಿದ್ದರು. ಯಾವ ಪಾದ್ರಿಗಾದರೂ ತನ್ನ ಮಾತಿನ ಪ್ರಭಾವ ಕಂಡು ಹೆಮ್ಮೆಯಾಗಬೇಕಾದ ಹೊತ್ತು ಅದು. ವಿನ್ಸೆಂಟ್ ಅವರಿಗೆ ಮಾತ್ರ ಬೇರೆ ಯೋಚನೆ ಬಂತು. ಇಷ್ಟೊಂದು ಊಟ ಒಂದೇ ದಿನ ಬಂದರೆ ಅರ್ಧ ಹಳಸಿ ಹೋಗುತ್ತದೆ. ನಾಲ್ಕು ದಿನ ಕಳೆದರೆ ಈ ಮನೆಯವರು ಮತ್ತೆ ಮೊದಲಿನಂತೆಯೇ ಹಸಿದಿರುತ್ತಾರೆ.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮೊಹಲ್ಲಾದ ರಮಝಾನ್. ಇಪ್ಪತ್ತೇಳನೇ ರಾತ್ರಿ ಹತ್ತಿರ ಬಂದಂತೆ ರೇಷನ್ ಕಿಟ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಮುಖ್ಯ ರಸ್ತೆಯ ಬದಿಯ ಮನೆಗೆ ಐದು ಚೀಲ ಅಕ್ಕಿ, ಒಳಗಿನ ಗಲ್ಲಿಯ ಕೊನೆಯಲ್ಲಿರುವ ಒಬ್ಬ ಮುದುಕಿಗೆ ಒಂದೂ ಇಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಕೊಡುವವರೆಲ್ಲ ಒಳ್ಳೆಯವರೇ. ಮುಹರ್ರಮ್ ಬರುವಷ್ಟರಲ್ಲಿ ಆ ಐದು ಚೀಲದ ಮನೆಯಲ್ಲೂ ಅಕ್ಕಿ ಮುಗಿದಿರುತ್ತದೆ.

ವಿನ್ಸೆಂಟ್ ಮೂರೇ ದಿನಗಳಲ್ಲಿ ಊರಿನ ಕೆಲವು ಹೆಂಗಸರನ್ನು ಸೇರಿಸಿದರು. ಒಬ್ಬೊಬ್ಬರಿಗೆ ಒಂದೊಂದು ದಿನ ಸರದಿ. ತನ್ನ ದಿನ ಬಂದವಳು ಅಡುಗೆ ಮಾಡಿ ಊರಿನ ಬಡ ರೋಗಿಗಳಿಗೆಲ್ಲ ತಲುಪಿಸಬೇಕು. ವರ್ಷದ ಕೊನೆಯೊಳಗೆ ಇದಕ್ಕೆ ಬರೆದ ನಿಯಮಾವಳಿ ಬಂತು, ಮೇಲಿನವರ ಒಪ್ಪಿಗೆಯೂ ಸಿಕ್ಕಿತು. ಆ ನಿಯಮಾವಳಿ ಇಂದಿಗೂ ಇದೆ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಅವರ ಬೇರೆಲ್ಲ ಸಾಧನೆಗಿಂತ ಇದೇ ಹೆಚ್ಚು ಇಷ್ಟವಾಯಿತು.

ಮೊದಲು ಹಣದ ವಿಷಯ. ಸಂಘಕ್ಕೆ ಒಬ್ಬ ಮುಖ್ಯಸ್ಥೆ, ಒಬ್ಬ ಖಜಾಂಚಿ ಇರಬೇಕು. ಹಣವನ್ನು ಎರಡು ಬೇರೆ ಬೇರೆ ಬೀಗಗಳಿರುವ ಪೆಟ್ಟಿಗೆಯಲ್ಲಿ ಇಡಬೇಕು. ಒಂದು ಕೀಲಿ ಮುಖ್ಯಸ್ಥೆಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ಇಬ್ಬರೂ ಬಂದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ. ತುರ್ತಿಗೆಂದು ಸ್ವಲ್ಪ ಹಣವನ್ನು ಮಾತ್ರ ಖಜಾಂಚಿ ಕೈಯಲ್ಲಿ ಇಟ್ಟುಕೊಳ್ಳಬಹುದು. ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಒಪ್ಪಿಸಬೇಕು. ನಾವು ಆಂತರಿಕ ನಿಯಂತ್ರಣ, ಚಿಲ್ಲರೆ ನಗದು, ವಾರ್ಷಿಕ ಲೆಕ್ಕಪತ್ರ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವುದೆಲ್ಲ 400 ವರ್ಷದ ಹಿಂದೆ ಒಂದು ಹಳ್ಳಿಯ ಗೃಹಿಣಿಯರ ಸಂಘದಲ್ಲಿತ್ತು.

ಆಮೇಲೆ ಊಟ ಬಡಿಸುವ ವಿಷಯ. ಇಲ್ಲಿ ನಿಯಮಾವಳಿ ಬಹಳ ಸಣ್ಣ ಸಣ್ಣ ಸಂಗತಿಗಳಿಗೆ ಇಳಿಯುತ್ತದೆ. ರೋಗಿಯನ್ನು ನಗುಮುಖದಿಂದ ಮಾತನಾಡಿಸಬೇಕು. ಹಾಸಿಗೆಯ ಮೇಲೆ ಹಲಗೆ ಇಟ್ಟು ಬಟ್ಟೆ ಹಾಸಬೇಕು, ಬಟ್ಟಲು, ಚಮಚ, ರೊಟ್ಟಿ ಇಡಬೇಕು. ಕೈ ತೊಳೆಸಬೇಕು. ಮಾಂಸವನ್ನು ಕತ್ತರಿಸಿ ಕೊಡಬೇಕು, ಸ್ವಂತ ಮಗನಿಗೆ ಮಾಡುವಂತೆ ಮಾಡಬೇಕು. ಕೊನೆಗೆ ಒಂದು ಸೂಚನೆ ಇದೆ. ರೋಗಿಗಳ ಮನೆಗೆ ಹೋಗುವಾಗ, ಜೊತೆಯಲ್ಲಿ ಯಾರಾದರೂ ಇರುವವರ ಮನೆಗೆ ಮೊದಲು ಹೋಗಬೇಕು, ಒಂಟಿಯಾಗಿರುವವರ ಮನೆಗೆ ಕೊನೆಯಲ್ಲಿ ಹೋಗಬೇಕು. ಯಾಕೆಂದರೆ ಕೊನೆಯ ಮನೆಯಲ್ಲಿ ಹೆಚ್ಚು ಹೊತ್ತು ಕೂರಬಹುದು.

ಇದನ್ನು ನಾನು ಎರಡು ಸಲ ಓದಿದೆ. ಒಂಟಿಯಾಗಿರುವವರಿಗೆ ಮೊದಲು ಕೊಡಬೇಕು ಎಂದೇ ನಾನಾಗಿದ್ದರೆ ಬರೆಯುತ್ತಿದ್ದೆ. ಕೊಡುವುದು ಬರೀ ಊಟ ಎಂದುಕೊಂಡರೆ ಅದೇ ಸರಿ. ಊಟದ ಜೊತೆ ಕೊಡಬೇಕಾದದ್ದು ಇನ್ನೂ ಒಂದಿದೆ ಎಂದುಕೊಂಡರೆ ಸರದಿಯೇ ಬದಲಾಗುತ್ತದೆ.

ಈಗ ನನ್ನ ತಪ್ಪಿನ ವಿಷಯ. ಹೋದ ವರ್ಷ ನಮ್ಮ ತರಗತಿಯ ಒಬ್ಬ ಹುಡುಗಿಯ ತಂದೆಗೆ ಕಾಯಿಲೆಯಾಗಿ ಅವಳು ಪರೀಕ್ಷಾ ಶುಲ್ಕ ಕಟ್ಟುವುದು ಕಷ್ಟವಾಗಿತ್ತು. ಡಬ್ಬಿ ನನ್ನ ಬಳಿ ಇತ್ತು. ಬೇಗ ಹಣ ಸೇರಲಿ ಎಂದು ನಾನು ಬೋರ್ಡಿನ ಮೇಲೆ ಅವಳ ಹೆಸರು ಬರೆದು, ಎಷ್ಟು ಬೇಕು, ಎಷ್ಟು ಬಂದಿದೆ ಎಂದು ದಿನವೂ ತಿದ್ದುತ್ತಿದ್ದೆ. ನಾಲ್ಕೇ ದಿನದಲ್ಲಿ ಹಣ ಸೇರಿತು. ನಾನು ಖುಷಿಯಾಗಿದ್ದೆ. ಆ ನಾಲ್ಕು ದಿನವೂ ಅವಳು ಕಾಲೇಜಿಗೆ ಬಂದಿರಲಿಲ್ಲ. ತಂದೆಯ ಜೊತೆ ಆಸ್ಪತ್ರೆಯಲ್ಲಿ ಇರಬೇಕು ಎಂದುಕೊಂಡಿದ್ದೆ. ಅವಳು ಮೊದಲ ದಿನ ಬಂದು, ಬಾಗಿಲಿನಿಂದಲೇ ಬೋರ್ಡು ನೋಡಿ ಮರಳಿ ಹೋಗಿದ್ದಳು ಎಂದು ಆಮೇಲೆ ಗೊತ್ತಾಯಿತು. ನನ್ನ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. (ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಎಂದಳು.)

ಮತ್ತೆ ವಿನ್ಸೆಂಟ್ ಅವರ ವಿಷಯಕ್ಕೆ ಬರೋಣ. ಅವರು ಪ್ಯಾರಿಸ್‌ಗೆ ಹಿಂತಿರುಗಿ, ಹಳ್ಳಿಹಳ್ಳಿಗಳಲ್ಲಿ ಇಂಥ ಸಂಘಗಳನ್ನು ಕಟ್ಟುತ್ತ ಹೋದರು. 1625ರಲ್ಲಿ ಹಳ್ಳಿಗಳಲ್ಲಿ ಕೆಲಸ ಮಾಡುವ ಪಾದ್ರಿಗಳ ಸಂಘವನ್ನೂ ಆರಂಭಿಸಿದರು. ಹೆಂಗಸರ ಸಂಘಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಿ ಬರಲು 1629ರಿಂದ ಲೂಯಿಸ್ ದ ಮಾರಿಯಾಕ್ ಎಂಬ ವಿಧವೆಯನ್ನು ಕಳಿಸತೊಡಗಿದರು. ಕುದುರೆಗಾಡಿಯಲ್ಲಿ ಊರೂರು ತಿರುಗಿ ಸಂಘದ ಲೆಕ್ಕ ನೋಡಿ, ರೋಗಿಗಳನ್ನು ಮಾತನಾಡಿಸಿ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿ ಬರುತ್ತಿದ್ದರು. ಈಗಿನ ಕಾಲದಲ್ಲಾದರೆ ಅವರನ್ನು ಆಡಿಟರ್ ಎನ್ನುತ್ತಿದ್ದೆವು. ಗಂಡಸರು ಹೆಂಗಸರು ಸೇರಿದ ಸಂಘಗಳನ್ನೂ ವಿನ್ಸೆಂಟ್ ಕಟ್ಟಿ ನೋಡಿದರು, ಸರಿಹೋಗಲಿಲ್ಲ. ಗಂಡಸರು ಎಲ್ಲವನ್ನೂ ತಮ್ಮ ಕೈಗೆ ತೆಗೆದುಕೊಳ್ಳಲು ನೋಡುತ್ತಾರೆ, ಹೆಂಗಸರು ಅದನ್ನು ಸಹಿಸುವುದಿಲ್ಲ, ಹಣದ ವಿಷಯದಲ್ಲಿ ಹೆಂಗಸರ ಮೇಲೆ ದೂರು ಹೇಳುವಂಥದ್ದೇನೂ ಇಲ್ಲ ಎಂಬ ಅರ್ಥದಲ್ಲಿ ಒಂದು ಕಾಗದ ಬರೆದಿದ್ದಾರೆ. ಹುಡುಗರ ವಿಭಾಗದವರು ಈ ಸಾಲನ್ನು ಬಿಟ್ಟು ಓದಬಹುದು.

ಪ್ಯಾರಿಸ್‌ನಲ್ಲಿ ಬೇರೆಯೇ ತೊಂದರೆ ಬಂತು. ಅಲ್ಲಿನ ಸಂಘಕ್ಕೆ ಸೇರಿದವರು ಶ್ರೀಮಂತರ ಮನೆಯ ಹೆಂಗಸರು. ಸೂಪಿನ ಪಾತ್ರೆ ಹಿಡಿದು ಬೀದಿಯಲ್ಲಿ ನಡೆಯಲು ಅವರಿಗೆ ಮುಜುಗರ, ಹಾಗಾಗಿ ಕೆಲಸದವರನ್ನು ಕಳಿಸತೊಡಗಿದರು. ಕೆಲಸದವರು ಪಾತ್ರೆ ಇಟ್ಟು ಬರುತ್ತಿದ್ದರು, ಅಷ್ಟೇ. ಆಗ ಮುಂದೆ ಬಂದವಳು ಸುರೇನ್ ಎಂಬ ಹಳ್ಳಿಯ ಮಾರ್ಗರೀತ್ ನಾಸೋ. ಹಸು ಮೇಯಿಸುತ್ತಿದ್ದ ಹುಡುಗಿ. ಅಕ್ಷರಮಾಲೆಯ ಒಂದು ಪುಸ್ತಕ ಕೊಂಡು, ದಾರಿಯಲ್ಲಿ ಹೋಗುವ ಓದು ಬಲ್ಲವರನ್ನು ನಿಲ್ಲಿಸಿ ಇದು ಯಾವ ಅಕ್ಷರ, ಇದರ ಅರ್ಥವೇನು ಎಂದು ಕೇಳಿ ಕೇಳಿ ಓದಲು ಕಲಿತಳು. ಆಮೇಲೆ ಊರೂರಿಗೆ ಹೋಗಿ ಬೇರೆ ಹೆಣ್ಣುಮಕ್ಕಳಿಗೆ ಕಲಿಸಿದಳು. ರೋಗಿಗಳ ಸೇವೆಗೆ ತಾನಾಗಿಯೇ ಬಂದಳು. 1633ರಲ್ಲಿ ಪ್ಲೇಗ್ ಬಂದ ಒಬ್ಬ ಹೆಂಗಸಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ಕಾಯಿಲೆಯಿಂದ ಸತ್ತಳು. ಮೂವತ್ತೊಂಬತ್ತು ವರ್ಷವೂ ತುಂಬಿತ್ತೋ ಇಲ್ಲವೋ. ಅದೇ ವರ್ಷ ನವೆಂಬರ್‌ನಲ್ಲಿ ಲೂಯಿಸ್ ಅವರು ಇಂಥ ಕೆಲವು ಹಳ್ಳಿ ಹುಡುಗಿಯರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಅದೇ ಮುಂದೆ ಲೋಕವೆಲ್ಲ ಹರಡಿದ ಡಾಟರ್ಸ್ ಆಫ್ ಚಾರಿಟಿ ಸಂಸ್ಥೆ. ಆ ಕಾಲದಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ಮಠದ ಗೋಡೆ ದಾಟುವಂತಿರಲಿಲ್ಲ. ಇವರು ಗೋಡೆಯೇ ಇಲ್ಲದೆ ಬೀದಿಯಲ್ಲಿ, ರೋಗಿಗಳ ಮನೆಗಳಲ್ಲಿ ಬದುಕಿದರು. ನಾನು ಬರೆಯಬೇಕಾದದ್ದು ವಿನ್ಸೆಂಟ್ ಅವರ ಬಗ್ಗೆ, ಆದರೂ ಮಾರ್ಗರೀತ್ ಬಗ್ಗೆ ಇಷ್ಟು ಬರೆಯದೆ ಇರಲಾಗಲಿಲ್ಲ.

1638ರಲ್ಲಿ ಬೀದಿಯಲ್ಲಿ ಬಿಟ್ಟುಹೋದ ಹಸುಗೂಸುಗಳ ಕೆಲಸ ಆರಂಭವಾಯಿತು. ಪ್ಯಾರಿಸ್‌ನಲ್ಲಿ ವರ್ಷದಲ್ಲಿ ದಿನಕ್ಕೊಂದರಂತೆ ಮಕ್ಕಳು ಬೀದಿಯಲ್ಲಿ ಸಿಗುತ್ತಿದ್ದವು. ಅವುಗಳನ್ನು ಇರಿಸುತ್ತಿದ್ದ ಮನೆಯಲ್ಲಿ ಹಾಲೂಡಿಸುವವರು ಸಾಲದೆ, ಅಳದಿರಲೆಂದು ನಿದ್ದೆ ಮದ್ದು ಕೊಡುತ್ತಿದ್ದರು. ಭಿಕ್ಷೆ ಬೇಡುವವರಿಗೆ ಮಾರುತ್ತಿದ್ದುದೂ ಉಂಟು. ವಿನ್ಸೆಂಟ್ ಮತ್ತು ಲೂಯಿಸ್ ಮೊದಲು ಕೆಲವೇ ಮಕ್ಕಳನ್ನು ತೆಗೆದುಕೊಂಡರು, ಎರಡು ವರ್ಷದ ಮೇಲೆ ಎಲ್ಲರನ್ನೂ. ಮಕ್ಕಳಿಗೆ ಮನೆ ಬೇಕಾದಾಗ ಮಾಡಿದ ಏರ್ಪಾಡು ನಮ್ಮ ಸರ್‌ಗೂ ಇಷ್ಟವಾಯಿತು. ರಾಜ 13ನೇ ಲೂಯಿ, ಸೆಡಾನ್ ಎಂಬ ಊರಿನ ಧರ್ಮಸೇವೆಗೆಂದು ಹಣ ಬಿಟ್ಟುಹೋಗಿದ್ದರು. ಆ ಹಣದಿಂದ 13 ಸಣ್ಣ ಮನೆಗಳನ್ನು ಕಟ್ಟಿಸಿ, ಮಕ್ಕಳ ಕೆಲಸ ನೋಡುತ್ತಿದ್ದ ಹೆಂಗಸರ ಸಂಘಕ್ಕೆ ಬಾಡಿಗೆಗೆ ಕೊಟ್ಟರು. ಬಾಡಿಗೆ ಸೆಡಾನ್‌ಗೆ ಹೋಯಿತು, ಮಕ್ಕಳಿಗೆ ಸೂರು ಸಿಕ್ಕಿತು. ದಾನಿ ಹೇಳಿದ ಉದ್ದೇಶವೂ ಕೆಡಲಿಲ್ಲ.

ದಾನಿಯ ಉದ್ದೇಶ ಎಂಬುದು ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂದು ಲೊರೇನ್ ಪ್ರಾಂತದ ಬರಗಾಲದಲ್ಲಿ ಕಾಣುತ್ತದೆ. 1639ರ ಹೊತ್ತಿಗೆ ಯುದ್ಧದಿಂದ ಅಲ್ಲಿ ಜನ ಹುಲ್ಲು, ಬೇರು ತಿನ್ನುವ ಸ್ಥಿತಿ ಬಂದಿತ್ತು. ಮಾತ್ಯೂ ರೆನ್ಯಾರ್ ಎಂಬ ಬ್ರದರ್ ಹರಕು ಚೀಲದಲ್ಲಿ ಚಿನ್ನದ ನಾಣ್ಯ ತುಂಬಿಕೊಂಡು, ಸೈನಿಕರೂ ದರೋಡೆಕೋರರೂ ತುಂಬಿದ ದಾರಿಯಲ್ಲಿ ಐವತ್ತಕ್ಕೂ ಹೆಚ್ಚು ಸಲ ಹೋಗಿ ಬಂದರು. ಒಂದು ಸಲವೂ ಹಣ ಕಳೆದುಕೊಳ್ಳಲಿಲ್ಲ. ಜನ ಅವರನ್ನು ನರಿ ಎಂದು ಕರೆದರಂತೆ. ಅಲ್ಲಿ ಹಣ ಹಂಚುತ್ತಿದ್ದ ಪಾದ್ರಿಗಳಿಗೆ ವಿನ್ಸೆಂಟ್ ಕಾಗದ ಬರೆದು, ಕೊಟ್ಟದ್ದಕ್ಕೆಲ್ಲ ರಸೀದಿ ಪಡೆಯಿರಿ, ಲೆಕ್ಕದ ಪ್ರತಿ ಕಳಿಸಿ, ಯಾವ ಕಾರಣಕ್ಕೂ ಒಂದು ಕಾಸನ್ನೂ ಬೇರೆ ಕೆಲಸಕ್ಕೆ ತಿರುಗಿಸಬೇಡಿ ಎಂದು ತಿಳಿಸಿದರು.

ಇದಕ್ಕೆ ಎದುರು ಉದಾಹರಣೆಯೂ ಅವರ ಸಂಘದಲ್ಲೇ ಇದೆ. ಆ ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಎರಡೂ ದಡದವರು ಒಬ್ಬರನ್ನೊಬ್ಬರು ಹಿಡಿದು ಗುಲಾಮರನ್ನಾಗಿ ಮಾಡುತ್ತಿದ್ದರು. ಟ್ಯುನಿಸ್, ಅಲ್ಜಿಯರ್ಸ್‌ಗಳಲ್ಲಿ ಕ್ರೈಸ್ತ ಗುಲಾಮರಿದ್ದರು. ಫ್ರಾನ್ಸಿನ ಗ್ಯಾಲಿ ಹಡಗುಗಳಲ್ಲಿ ಸ್ವದೇಶದ ಅಪರಾಧಿಗಳ ಜೊತೆ ಸರಪಳಿ ಬಿಗಿಸಿಕೊಂಡು ಹುಟ್ಟು ಹಾಕುತ್ತಿದ್ದ ಮುಸ್ಲಿಮರಿದ್ದರು. ಅಲ್ಲಿ ಅವರನ್ನು ತುರ್ಕರು ಎಂದೇ ಕರೆಯುತ್ತಿದ್ದರು. 1619ರಲ್ಲಿ ವಿನ್ಸೆಂಟ್ ಆ ಹಡಗುಗಳ ಮುಖ್ಯ ಪಾದ್ರಿಯಾಗಿ ನೇಮಕವಾದರು, ಅಪರಾಧಿಗಳನ್ನು ಕತ್ತಲ ಕೋಣೆಗಳಿಂದ ತುಸು ಒಳ್ಳೆಯ ಜಾಗಕ್ಕೆ ಸಾಗಿಸಿದರು. ಅವರು ಕ್ಯಾಥೊಲಿಕ್ ಪಾದ್ರಿ, ತಮ್ಮ ಧರ್ಮ ಹರಡುವುದೂ ಅವರ ಕೆಲಸವೇ ಆಗಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. 1645ರಿಂದ ಅವರು ತಮ್ಮವರನ್ನು ಟ್ಯುನಿಸ್‌ಗೂ, ಮರುವರ್ಷ ಅಲ್ಜಿಯರ್ಸ್‌ಗೂ ಕಳಿಸಿದರು. ಅಲ್ಜಿಯರ್ಸ್‌ನಲ್ಲಿ ಫ್ರಾನ್ಸಿನ ಕಾನ್ಸಲ್ ಆಗಿದ್ದ ಬ್ರದರ್ ಜಾನ್ ಬಾರೋ ತುಂಬ ಮೃದು ಮನಸ್ಸಿನವರು. ಯಾರು ಅತ್ತರೂ ಕರಗುತ್ತಿದ್ದರು. ಗುಲಾಮರ ಬಿಡುಗಡೆಗೆ ತಾವೇ ಜಾಮೀನು ನಿಲ್ಲುತ್ತಿದ್ದರು, ಒಬ್ಬನ ಬಿಡುಗಡೆಗೆಂದು ಅವನ ಮನೆಯವರು ಕಳಿಸಿದ ಹಣವನ್ನು ಇನ್ನೊಬ್ಬನಿಗೆ ಬಳಸುತ್ತಿದ್ದರು. ಕೈಯಲ್ಲಿ ಇರುವುದಕ್ಕಿಂತ ಹೆಚ್ಚಿಗೆ ಮಾತು ಕೊಡಬೇಡಿ ಎಂದು ವಿನ್ಸೆಂಟ್ ಮತ್ತೆ ಮತ್ತೆ ಬರೆದರು. ಬಾರೋ ಕೇಳಲಿಲ್ಲ. ಸಾಲ ಬೆಳೆಯಿತು, ಸೆರೆಮನೆ, ಹೊಡೆತ ಎಲ್ಲವನ್ನೂ ಅನುಭವಿಸಿದರು. ಕೊನೆಗೆ ಆ ಸಾಲ ತೀರಿಸಲು ಪ್ಯಾರಿಸ್‌ನಲ್ಲಿ ಚಂದಾ ಎತ್ತಬೇಕಾಯಿತು. ಹಣ ಕಳಿಸಿ ಕಾಯುತ್ತಿದ್ದ ಆ ಮೊದಲನೆಯವನ ಮನೆಯವರನ್ನು ನೆನೆಸಿಕೊಳ್ಳಿ. ಸರ್ ಕೇಳಿದ ಪ್ರಶ್ನೆಗೆ ನಾನು ತರಗತಿಯಲ್ಲಿ ಕೊಟ್ಟ ಉತ್ತರ ಇದೇ. ಬಾರೋ ಏನನ್ನೂ ಕದ್ದಿರಲಿಲ್ಲ.

ನಮ್ಮಲ್ಲಿ ಜಕಾತ್ ಯಾರಿಗೆ ಸಲ್ಲಬೇಕು ಎಂದು ಹೇಳುವ ಎಂಟು ವರ್ಗಗಳಲ್ಲಿ ಅದನ್ನು ಸಂಗ್ರಹಿಸಿ ಹಂಚುವ ಕೆಲಸಗಾರರೂ ಒಂದು ವರ್ಗ. ಬಡವರ ಹಣದಲ್ಲಿ ಗುಮಾಸ್ತನಿಗೆ ಯಾಕೆ ಪಾಲು ಎಂದು ನಾನು ಚಿಕ್ಕವಳಿದ್ದಾಗ ದಾದಿಯನ್ನು ಕೇಳಿದ್ದೆ. ಲೆಕ್ಕ ಇಡುವವನ ಹೊಟ್ಟೆ ತುಂಬಿದ್ದರೆ ಬಡವರ ಪಾಲು ಸರಿಯಾಗಿ ತಲುಪುತ್ತದೆ ಎಂದಿದ್ದರು.

ವಿನ್ಸೆಂಟ್ ಅವರ ಎಲ್ಲ ಲೆಕ್ಕವೂ ಲಾಭದಲ್ಲಿ ಮುಗಿಯಲಿಲ್ಲ. 1658ರಲ್ಲಿ ಓರ್ಸಿನ್ಯಿ ಎಂಬಲ್ಲಿದ್ದ ಸಂಘದ ದೊಡ್ಡ ಜಮೀನನ್ನು ಕೋರ್ಟಿನಲ್ಲಿ ಕಳೆದುಕೊಂಡರು. ಮೇಲ್ಮನವಿ ಹಾಕಿದರೆ ಗೆಲ್ಲಬಹುದು ಎಂದು ವಕೀಲರು ಹೇಳಿದರೂ ಅವರು ಹಾಕಲಿಲ್ಲ. ಅದೇ ಕಾಲದಲ್ಲಿ ಸರ್ಕಾರ ಪ್ಯಾರಿಸ್‌ನ ಭಿಕ್ಷುಕರನ್ನೆಲ್ಲ ಹಿಡಿದು ದೊಡ್ಡ ಆಸ್ಪತ್ರೆಯೊಂದರಲ್ಲಿ ಕೂಡಿಹಾಕಲು ಹೊರಟಾಗ, ಬಲವಂತ ಬೇಡ, ತಾವಾಗಿ ಬರುವ ನೂರಿನ್ನೂರು ಜನರಿಂದ ಆರಂಭಿಸಿ ನೋಡೋಣ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಮಾತು ನಡೆಯಲಿಲ್ಲ. 1660ರ ಸೆಪ್ಟೆಂಬರ್ 27ರಂದು, ಕುರ್ಚಿಯಲ್ಲಿ ಕೂತಂತೆಯೇ ತೀರಿಕೊಂಡರು. 1737ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಅವರು ಸತ್ತು 173 ವರ್ಷದ ಮೇಲೆ, 1833ರ ಏಪ್ರಿಲ್ 23ರಂದು, ಪ್ಯಾರಿಸ್‌ನಲ್ಲಿ ಕಾನೂನು ಓದುತ್ತಿದ್ದ ಫ್ರೆಡ್ರಿಕ್ ಓಝನಾಮ್ ಎಂಬ ವಿದ್ಯಾರ್ಥಿ ಐದಾರು ಜನರ ಜೊತೆ ಒಂದು ಸಣ್ಣ ಸಭೆ ಕಟ್ಟಿದ. ಅಂದು ಅವನ ಇಪ್ಪತ್ತನೇ ಹುಟ್ಟುಹಬ್ಬ. ನಿಮ್ಮ ಧರ್ಮ ಹಿಂದೆ ಏನೋ ಮಾಡಿತ್ತು, ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಜೊತೆಯ ವಿದ್ಯಾರ್ಥಿಗಳು ಚರ್ಚಾಕೂಟದಲ್ಲಿ ಕೆಣಕಿದ್ದಕ್ಕೆ ಅದು ಅವರ ಉತ್ತರವಾಗಿತ್ತು. ಡಾಟರ್ಸ್ ಆಫ್ ಚಾರಿಟಿಯ ಸಿಸ್ಟರ್ ರೊಸಾಲಿ ರಾಂದು ಅವರಿಗೆ ಬಡವರ ಮನೆಗಳ ವಿಳಾಸ, ರೊಟ್ಟಿ ಮತ್ತು ಇದ್ದಿಲಿನ ಚೀಟಿ ಕೊಟ್ಟು, ಹೇಗೆ ಮಾತನಾಡಬೇಕು ಎಂದು ಕಲಿಸಿ ಕಳಿಸುತ್ತಿದ್ದರು. ಅದೇ ಸಂತ ವಿನ್ಸೆಂಟ್ ಡಿ ಪೌಲ್ ಸೊಸೈಟಿ. ಈಗ ನಮ್ಮ ರಾಜ್ಯದ ಚರ್ಚುಗಳಲ್ಲೂ ಇದರ ಘಟಕಗಳಿವೆ. ಬಡವರ ಮನೆಗೆ ತಾವೇ ಹೋಗಿ ಕೂತು ಮಾತನಾಡುವುದು ಅವರ ಮುಖ್ಯ ಕೆಲಸ.

ಈ ವರ್ಷವೂ ತರಗತಿಯ ಡಬ್ಬಿಯನ್ನು ನನಗೇ ಕೊಟ್ಟಿದ್ದಾರೆ. ಅಬ್ಬಾ ಅದಕ್ಕೆ ಎರಡು ಕೊಂಡಿ ಬೆಸುಗೆ ಹಾಕಿಸಿ ಕೊಟ್ಟರು, ಈಗ ಎರಡು ಬೀಗಗಳಿವೆ. ಬೋರ್ಡಿನ ಮೇಲೆ ಯಾರ ಹೆಸರೂ ಬರೆಯುವುದಿಲ್ಲ. ಯಾರಿಗೆ ಬೇಕು ಎಂಬುದು ಇಬ್ಬರು ಕೀಲಿಯವರಿಗೆ ಮತ್ತು ಸರ್‌ಗೆ ಮಾತ್ರ ಗೊತ್ತಿರುತ್ತದೆ. ತಿಂಗಳ ಕೊನೆಗೆ ಬಂದ ಮೊತ್ತ, ಹೋದ ಮೊತ್ತ, ಉಳಿಕೆಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಎರಡನೇ ಕೀಲಿಯನ್ನು ಹೋದ ವರ್ಷದ ಆ ಹುಡುಗಿಗೇ ಕೊಡಬೇಕೆಂದು ತೆಗೆದುಕೊಂಡು ಹೋದೆ. ಅವಳು ಕೈಯಲ್ಲಿ ಹಿಡಿದು ನೋಡಿ, ಮಧ್ಯವಾರ್ಷಿಕ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ವಾಪಸ್ ಕೊಟ್ಟಳು. ಸದ್ಯಕ್ಕೆ ಎರಡೂ ಕೀಲಿ ನನ್ನ ಹತ್ತಿರವೇ ಇವೆ. ಇದು ನಿಯಮಕ್ಕೆ ವಿರುದ್ಧ ಎಂದು ಸರ್‌ಗೆ ಹೇಳಿದ್ದೇನೆ.